ಆಶ್ವಯುಜದಲ್ಲಿ ಮೈಸೂರು ನೋಡಬೇಕೆಂದರೆ

ಭಾದ್ರಪದ ಮುಗಿಯುತ್ತ ಬಂದಂತೆ ನಮ್ಮ ತಾಳವಾಡಿ ಸೀಮೆಯ ಜಗುಲಿಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ: "ಈ ಸಲವಾದರೂ ದಸರಕ್ಕೆ ಮೈಸೂರಿಗೆ ಹೋಗಬೇಕು." ವೈನಾಡಿನ ಸುಲ್ತಾನ್ ಬತ್ತೇರಿಯ ಕಡೆಯ ಕನ್ನಡಿಗರಲ್ಲಿಯೂ ನೀಲಗಿರಿಯ ಮೇಲಿನ ನಮ್ಮವರಲ್ಲಿಯೂ ಇದೇ ಮಾತು ಕೇಳಿಬರುವುದನ್ನು ನಾವು ಬಲ್ಲೆವು. ಆಡಳಿತದ ಲೆಕ್ಕದಲ್ಲಿ ನಮ್ಮ ಊರು ಈರೋಡಿಗೆ ಸೇರಿದ್ದು. ಅಲ್ಲಿಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ಕಡಿದಾದ ತಿರುವುಗಳನ್ನು ಇಳಿಯಬೇಕು. ಚಾಮರಾಜನಗರವಾದರೋ ಸುಮಾರು 25 ಕಿಲೋಮೀಟರು. ಅಲ್ಲಿಂದ ನಂಜನಗೂಡಿನ ಮೇಲೆ ಮೈಸೂರಿಗೆ ಸುಮಾರು 60. ಇಷ್ಟು ಸಮೀಪದ ಊರನ್ನು ನೋಡಲು ಯೋಜನೆಯೇಕೆ, ಬಟ್ಟೆ ಹಾಕಿಕೊಂಡು ಹೊರಟರಾಯಿತು ಎಂದು ನಾವೂ ಒಂದು ಕಾಲದಲ್ಲಿ ಭಾವಿಸಿದ್ದೆವು.

2011ರಲ್ಲಿ ಹಾಗೆಯೇ ಹೊರಟೆವು. ವಿಜಯದಶಮಿಯ ಬೆಳಗ್ಗೆ ಮನೆಯ ಎಂಟು ಮಂದಿ, ಬುತ್ತಿ ಕಟ್ಟಿಕೊಂಡು, ಮೊದಲನೆಯ ಬಸ್ಸಿಗೆ. ನಮ್ಮ ತಾಯಿಯವರಿಗೆ ಆಗ ಅರವತ್ತೊಂಬತ್ತು ವರ್ಷ. ಚಿನ್ನದ ಅಂಬಾರಿಯನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಬಾಲ್ಯದ ಆಸೆ. ಸಯ್ಯಾಜಿರಾವ್ ರಸ್ತೆಯನ್ನು ತಲುಪುವ ಹೊತ್ತಿಗೆ ಕಟ್ಟಡಗಳ ಮೇಲೆ, ಮರಗಳ ಮೇಲೆ, ಕಂಬಗಳ ಮೇಲೆ ಜನ. ನಾಲ್ಕು ಗಂಟೆಗಳ ಕಾಲ ಬಿಸಿಲಿನಲ್ಲಿ ನಿಂತು ನಾವು ಕಂಡದ್ದು ಮುಂದಿನವರ ಬೆನ್ನುಗಳನ್ನು. ಮೆರವಣಿಗೆ ಬಂತೆಂದು ಕೂಗೆದ್ದಾಗ ಹಿಂದಿನಿಂದ ಒಂದು ನೂಕು ಬಂತು. ತಾಯಿಯವರ ಕಾಲು ಚರಂಡಿಯ ಅಂಚಿಗೆ ಸಿಕ್ಕಿ ಉಳುಕಿತು. ಅವರನ್ನು ಎತ್ತಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ ನೀರು ಕೊಡುವಷ್ಟರಲ್ಲಿ ಅಂಬಾರಿ ಮುಂದೆ ಹೋಗಿಯೇ ಬಿಟ್ಟಿತ್ತು. ಅವರು ಅತ್ತರೆಂದು ಎಣಿಸಬೇಡಿ. "ಅಲ್ಲ ಕನ ಮೊಗ, ಆನ ನೋಡಕ ಇಷ್ಟು ದೂರ ಬರಬೇಕಾಗಿತ್ತ? ನಮ್ಮ ಹೊಲಕ್ಕೇ ಬತ್ತದಲ್ಲ" ಎಂದು ನಕ್ಕುಬಿಟ್ಟರು. ಆ ನಗು ನಮ್ಮನ್ನು ಹದಿಮೂರು ವರ್ಷ ಚುಚ್ಚಿತು.

ತಪ್ಪು ಎಲ್ಲಿಯದೆಂಬುದು ಆಮೇಲೆ ತಿಳಿಯಿತು. ನಾವು ದಿನವನ್ನು ನೋಡಿ ಹೊರಟಿದ್ದೆವು, ಮನೆಯ ಜನರನ್ನು ನೋಡಿ ಅಲ್ಲ. ಮೈಸೂರು ಮಧ್ಯಮ ಗಾತ್ರದ ನಗರ. 2011ರ ಜನಗಣತಿಯ ಕಾಲಕ್ಕೆ ಅದರ ಜನಸಂಖ್ಯೆ ಸುಮಾರು 9 ಲಕ್ಷ. ಅಂತಹ ಊರಿನ ನಾಲ್ಕೈದು ಬೀದಿಗಳಿಗೆ ಲಕ್ಷಾಂತರ ಜನ ಒಂದೇ ಮಧ್ಯಾಹ್ನ ಬಂದು ಸೇರಿದರೆ ಮುದುಕರಿಗೂ ಮಕ್ಕಳಿಗೂ ಅಲ್ಲಿ ಜಾಗ ಎಲ್ಲಿಯದು? ಆಸನದ ಟಿಕೆಟ್ಟುಗಳಿವೆ, ನಿಜ. ಒಳ್ಳೆಯ ಆಸನವೊಂದಕ್ಕೆ ಸಾವಿರಾರು ರೂಪಾಯಿ. ಎಂಟು ಜನರ ಸಂಸಾರಕ್ಕೆ ಅದು ಮಾತಲ್ಲ. ಆದುದರಿಂದ ನಮ್ಮ ಮೊದಲನೆಯ ಸಲಹೆ ಇದು: ವೃದ್ಧರನ್ನೂ ಸಣ್ಣ ಮಕ್ಕಳನ್ನೂ ಕರೆದೊಯ್ಯುವವರು ವಿಜಯದಶಮಿಯಂದು ಹೋಗಬಾರದು. ಅದಕ್ಕಿಂತ ಒಂದು ವಾರ ಮುಂಚೆ ಹೋಗಬೇಕು.

ಹಾಗಾದರೆ ಆನೆ ಕಾಣುವುದು ಹೇಗೆ ಎಂದು ವಾಚಕರು ಕೇಳಬಹುದು. ಚೆನ್ನಾಗಿ ಕಾಣುವುದು ಆಗಲೇ. ದಸರೆಯ ಆನೆಗಳು ಕಾಡಿನ ಶಿಬಿರಗಳಿಂದ ಆಗಸ್ಟ್ ತಿಂಗಳ ಸುಮಾರಿಗೇ ಮೈಸೂರಿಗೆ ಬಂದಿಳಿಯುತ್ತವೆ. ಅಂಬಾರಿಯ ತೂಕ 750 ಕಿಲೋ. ಅದನ್ನು ಹೊತ್ತು ಅರಮನೆಯಿಂದ ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರು ನಡೆಯುವುದು ಆನೆಗೂ ಸುಲಭವಲ್ಲ. ಆದುದರಿಂದ ವಾರಗಟ್ಟಲೆ ತಾಲೀಮು ನಡೆಯುತ್ತದೆ. ಮೊದಲು ಬರಿಯ ನಡಿಗೆ, ಅನಂತರ ಮರಳಿನ ಮೂಟೆ, ಕೊನೆಕೊನೆಗೆ ಮರದ ಅಂಬಾರಿ. ಅದೇ ರಸ್ತೆಯಲ್ಲಿ ಆನೆಗಳು ಸಾಲಾಗಿ ಹೋಗುತ್ತವೆ. ನೂಕಿಲ್ಲ, ಟಿಕೆಟ್ಟಿಲ್ಲ. ರಸ್ತೆಯ ಪಕ್ಕದಲ್ಲಿ ನಿಂತರೆ ಅವುಗಳ ಗಂಟೆಯ ಸದ್ದೂ ಮಾವುತರ ಮಾತೂ ಕೇಳುತ್ತವೆ.

ನಮ್ಮ ಸೀಮೆಯವರಿಗೆ ಇದು ಏಕೆ ಮುಖ್ಯವೆಂಬುದನ್ನು ದೂರದ ಸೊಲ್ಲಾಪುರ, ಆದವಾನಿಯ ವಾಚಕರಿಗಾಗಿ ಒಂದಿಷ್ಟು ಬಿಡಿಸಿ ಹೇಳಬೇಕು. ತಾಳವಾಡಿಯ ಮಗುವಿಗೆ ಆನೆ ಎಂದರೆ ರಾತ್ರಿ. ಕಬ್ಬಿನ ಗದ್ದೆಯಲ್ಲಿ ಮುರಿಯುವ ಸದ್ದು, ತಮಟೆ, ಪಟಾಕಿ, ಅಪ್ಪ ಮನೆಗೆ ಬರುವವರೆಗೆ ಅವ್ವನ ನಿದ್ದೆಗೇಡು. ಕಾಡಿನ ಅಂಚಿನ ಊರುಗಳಲ್ಲಿ ಆನೆಯಿಂದ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಹಗಲಿನಲ್ಲಿ ಹೆಸರಿಟ್ಟು ಕರೆದರೆ ಕಿವಿಯಲ್ಲಾಡಿಸುವ ಆನೆಯನ್ನು ಆ ಮಕ್ಕಳು ಕಂಡೇ ಇಲ್ಲ. ದಸರೆಯ ಆನೆಗಳಿಗೂ ನಮ್ಮ ಹೊಲಗಳ ಸಂಕಟಕ್ಕೂ ಸಂಬಂಧವಿಲ್ಲದೆಯೂ ಇಲ್ಲ. 2012ರಿಂದ 2019ರ ವರೆಗೆ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಡನೆ ಸೆಣಸಿ ಮಡಿದನು. 2020ರಲ್ಲಿ ಅಂಬಾರಿಯನ್ನು ವಹಿಸಿಕೊಂಡ ಅಭಿಮನ್ಯುವೂ ಅಂತಹ ಕೆಲಸದಲ್ಲಿ ಪಳಗಿದವನೇ. ಹೊಲದ ಕಾವಲಿನ ಕಷ್ಟ ಬಲ್ಲವರು ಅವನನ್ನು ನೋಡುವ ನೋಟವೇ ಬೇರೆ.

ಇನ್ನು ದಿನಗಳ ಲೆಕ್ಕ. ಚಾಂದ್ರಮಾನದ ಹಬ್ಬವಾದುದರಿಂದ ದಸರೆ ವರ್ಷ ವರ್ಷವೂ ಸರಿಯುತ್ತದೆ: ವಿಜಯದಶಮಿಯು 2023ರಲ್ಲಿ ಅಕ್ಟೋಬರ್ 24, 2024ರಲ್ಲಿ 12, 2025ರಲ್ಲಿ 2. ಅಧಿಕಮಾಸ ಬಂದ ವರ್ಷ ಹಿಂದಕ್ಕೆ ಬಿದ್ದು, ಅನಂತರ ಮುಂದಕ್ಕೆ ಬರುತ್ತದೆ. ತಮಿಳುನಾಡಿನ ಶಾಲೆಗಳಿಗೆ ಕರ್ನಾಟಕದಂತೆ ದೀರ್ಘವಾದ ದಸರಾ ರಜೆ ಇಲ್ಲ. ಆಯುಧಪೂಜೆ ಮತ್ತು ವಿಜಯದಶಮಿಯ ಎರಡು ದಿನ ಮಾತ್ರ. ತ್ರೈಮಾಸಿಕ ಪರೀಕ್ಷೆಯ ಬಿಡುವು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದ ಸುಮಾರಿಗೆ ಬರುತ್ತದೆ. ಪಂಚಾಂಗವನ್ನೂ ಶಾಲೆಯ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ವರ್ಷ ಹೋಗಬೇಕೆಂಬುದು ತಾನಾಗಿ ತಿಳಿಯುತ್ತದೆ. ಮಗುವಿನ ಪಾಠ ತಪ್ಪಿಸಿ ಹೋಗಿರೆಂದು ಹೇಳಲು ನಮ್ಮ ವೃತ್ತಿ ಒಪ್ಪದು.

ಮಳೆಯನ್ನೂ ಮರೆಯಬಾರದು. ಶರದೃತುವೆಂದರೆ ತಿಳಿಯಾದ ಆಕಾಶವೆಂದು ಕವಿಗಳು ಹೇಳಿದರು. ಮೈಸೂರಿನಲ್ಲಿ ಅಕ್ಟೋಬರು ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲೊಂದು. ಹಸ್ತ, ಚಿತ್ತಾ ಮಳೆಗಳು ಬೆಳಗಿನಲ್ಲಿ ಸುಮ್ಮನಿದ್ದು ಸಂಜೆ ಗುಡುಗುತ್ತವೆ. ಹೊರಗೆ ನೋಡುವುದನ್ನೆಲ್ಲ ಬೆಳಗ್ಗೆ ಮುಗಿಸಿ, ಮಾಡಿನ ಕೆಳಗಿನದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಮೇಲು. ಕೊಡೆ ಇರಲೇಬೇಕು.

ನಮ್ಮಲ್ಲಿ ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಬೇರೆ: ಮನೆಯಲ್ಲಿ ಉಳಿಯುವವರು ಯಾರು? ಆಶ್ವಯುಜದಲ್ಲಿ ರಾಗಿ ತೆನೆ ಕಟ್ಟಿ ನಿಂತಿರುತ್ತದೆ, ಮುಸುಕಿನ ಜೋಳ ಹೊಲದಲ್ಲಿರುತ್ತದೆ. ಎರಡು ರಾತ್ರಿ ಅಟ್ಟಣೆ ಬರಿದಾದರೆ ವರ್ಷದ ಊಟ ಹೋದಂತೆ. 2024ರಲ್ಲಿ ನಾವು ಎರಡನೆಯ ಸಲ ಹೊರಡಲು ನಿಶ್ಚಯಿಸಿದಾಗ ಮೊದಲು ಇತ್ಯರ್ಥವಾದದ್ದು ಇದು. ನಮ್ಮ ತಮ್ಮ ತಾನಾಗಿ ಉಳಿದನು. ಅವನ ಮಗಳು, ಐದನೆಯ ತರಗತಿಯವಳು, ನಮ್ಮೊಡನೆ ಹೊರಟಳು. ಎಂಬತ್ತೆರಡರ ತಾಯಿಯವರು, ನಮ್ಮ ಮನೆಯವರು, ಆ ಮಗು, ನಾವು: ಒಟ್ಟು ನಾಲ್ಕೇ ಜನ, ಅಕ್ಟೋಬರ್ ಮೊದಲ ವಾರ, ಎರಡು ರಾತ್ರಿ.

ದಾರಿಯ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ವೈನಾಡು ಮತ್ತು ನೀಲಗಿರಿಯ ವಾಚಕರು ಬಂಡೀಪುರದ ಕಾಡುರಸ್ತೆಯು ರಾತ್ರಿ 9ರಿಂದ ಬೆಳಗ್ಗೆ 6ರ ವರೆಗೆ ಮುಚ್ಚಿರುವುದನ್ನು ನೆನಪಿಡಬೇಕು. 2009ರಿಂದ ಬಂದ ನಿರ್ಬಂಧವಿದು. ಸಂಜೆಯ ದೀಪ ನೋಡಿಕೊಂಡು ಅದೇ ರಾತ್ರಿ ಊರು ಸೇರುವೆನೆಂಬ ಲೆಕ್ಕ ನಡೆಯದು. ದಿಂಬಂ ದಾರಿಗೂ 2022ರಿಂದ ರಾತ್ರಿ ನಿರ್ಬಂಧವಿದೆ. ಸೊಲ್ಲಾಪುರದ ಕಡೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ನೇರ ಮೈಸೂರಿಗೇ ಉಂಟು. ನಾವು ಚಾಮರಾಜನಗರದಿಂದ ರೈಲು ಹಿಡಿಯಬಹುದಿತ್ತು. ತಾಯಿಯವರು ಬಸ್ಸೇ ಇರಲಿ ಎಂದರು. ನವರಾತ್ರಿಯಲ್ಲಿ ಮೈಸೂರಿನ ವಸತಿಗೃಹಗಳ ಬಾಡಿಗೆ ಏರುವುದರಿಂದ ಕಪಿಲೆಯ ದಡದ ನಂಜನಗೂಡಿನಲ್ಲಿ ಇಳಿದುಕೊಂಡೆವು. ಶ್ರೀಕಂಠೇಶ್ವರನ ದರ್ಶನವೂ ಆಯಿತು, ಹಣವೂ ಉಳಿಯಿತು.

ಬಸ್ಸಿನಲ್ಲಿ ಒಂದು ಪ್ರಸಂಗ. ಕರ್ನಾಟಕದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ 2023ರ ಜೂನಿನಿಂದ ಹೆಂಗಸರಿಗೆ ಉಚಿತ ಪ್ರಯಾಣ ಬಂದಿತ್ತು. ಆದರೆ ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ತಾಯಿಯವರು ಆಧಾರ್ ಚೀಟಿಯನ್ನು ಹೆಮ್ಮೆಯಿಂದ ಚಾಚಿದರು. ಕಂಡಕ್ಟರು ನೋಡಿ ಹಿಂದಕ್ಕೆ ಕೊಟ್ಟು, "ನಿಮಗೆ ಟಿಕೆಟ್ ಆಗ್ಬೇಕು ಅಜ್ಜಿ" ಎಂದರು. "ನಾನೂ ಕನ್ನಡದವಳೇ ಅಲ್ವಾಪ್ಪ?" "ಭಾಷೆ ನೋಡಿ ಕೊಡೋದಲ್ಲ ಅಜ್ಜಿ, ವಿಳಾಸ ನೋಡಿ ಕೊಡೋದು." ಆ ಯುವಕನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಾಯಿಯವರು ದುಡ್ಡು ಕೊಟ್ಟು ಕಿಟಕಿಯ ಕಡೆ ತಿರುಗಿ ಕುಳಿತರು. ಹೊರಡುವ ಮುನ್ನ ಮನೆಯ ಹೆಂಗಸರಿಗೆ ಈ ವಿಷಯ ತಿಳಿಸಿಯೇ ಹೊರಡುವುದು ಒಳಿತು.

ಆದರೆ ಅದೇ ಬಸ್ಸಿನಲ್ಲಿ ಇನ್ನೊಂದೂ ನಡೆಯಿತು. ನಂಜನಗೂಡು ದಾಟಿದ ಮೇಲೆ ನಮ್ಮ ಹುಡುಗಿ ದಾರಿಯ ಫಲಕಗಳನ್ನು ಗಟ್ಟಿಯಾಗಿ ಓದತೊಡಗಿದಳು. ಕನ್ನಡ ಅವಳ ಮನೆಮಾತು, ಕಲಿಯುವ ಮಾಧ್ಯಮ. ಜೊತೆಗೆ 2006ರ ಕಾಯಿದೆಯಂತೆ ತಮಿಳನ್ನೂ ಕಲಿಯುತ್ತಾಳೆ, ಚೆನ್ನಾಗಿಯೇ ಕಲಿಯುತ್ತಾಳೆ. ಆದರೆ ಕನ್ನಡ ಅಕ್ಷರವನ್ನು ಅವಳು ಕಂಡಿರುವುದು ಬಹುಮಟ್ಟಿಗೆ ಪುಸ್ತಕದೊಳಗೆ, ಶಾಲೆಯ ಗೋಡೆಯ ಮೇಲೆ. ಬ್ಯಾಂಕು, ಆಸ್ಪತ್ರೆ, ಪೊಲೀಸ್ ಠಾಣೆ, ಚಿನ್ನದ ಅಂಗಡಿ ಎಲ್ಲವೂ ಕನ್ನಡದಲ್ಲಿ ಬರೆದುಕೊಂಡಿರುವ ದೊಡ್ಡ ಊರೊಂದು ಇದೆಯೆಂಬುದು ಅವಳಿಗೆ ಸುದ್ದಿಯಾಗಿತ್ತು. "ದೊಡ್ಡಪ್ಪ, ಇಲ್ಲಿ ಕಾಲೇಜೂ ಕನ್ನಡದಲ್ಲೇ ಬರದದ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಅಂಗಡಿಯ ಫಲಕದಲ್ಲಿ 'ಹಾರ್ಡ್‌ವೇರ್' ಎಂಬುದು 'ಆರ್ಡ್‌ವೇರ್' ಆಗಿರುವುದನ್ನು ಕಂಡುಹಿಡಿದು ತಿದ್ದಿದಳು. ಉಪಾಧ್ಯಾಯನಿಗೆ ಇದಕ್ಕಿಂತ ಹೆಚ್ಚಿನ ಪ್ರವಾಸಸುಖ ಬೇಕೆ!

ಎರಡು ದಿನಗಳಲ್ಲಿ ಎಲ್ಲವನ್ನೂ ನೋಡುವ ಹಟ ಬೇಡ. ಮುದುಕರಿಗೆ ಅರಮನೆಯೊಂದೇ ಅರ್ಧ ದಿನದ ಕೆಲಸ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡವಿದು. ನವರಾತ್ರಿಯ ಸಂಜೆ ಅದರ ಮೇಲೆ ಹತ್ತಿಕೊಳ್ಳುವ ದೀಪಗಳು ಒಂದು ಲಕ್ಷದ ಸುಮಾರು. ಆವರಣದಲ್ಲಿ ಸಂಗೀತ ಕಛೇರಿ ನಡೆಯುತ್ತಿರುತ್ತದೆ; ಕುಳಿತು ಕೇಳುತ್ತಲೇ ದೀಪ ನೋಡಬಹುದು. ಮೃಗಾಲಯವು 1892ರದು, ಸಾಮಾನ್ಯವಾಗಿ ಮಂಗಳವಾರ ರಜೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಯುವಕರಿಗೆ. ತಾಯಿಯವರನ್ನು ಬಸ್ಸಿನಲ್ಲಿ ಕರೆದೊಯ್ದೆವು.

ಮಳೆಯ ಮಧ್ಯಾಹ್ನಕ್ಕೆ ಜಗನ್ಮೋಹನ ಅರಮನೆಯ ಚಿತ್ರಶಾಲೆ. ಅಲ್ಲಿ ಕೈಯಿಂದ ದೀಪವನ್ನು ಮರೆಮಾಡಿ ನಿಂತ ಹೆಣ್ಣಿನ ಚಿತ್ರವಿದೆ. ಅನೇಕರು ಅದನ್ನು ರವಿವರ್ಮನದೆಂದು ತಿಳಿದಿದ್ದಾರೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಣಕರ್, ಮಾದರಿಯಾಗಿ ನಿಂತವಳು ಅವರ ಮಗಳು, ಅದೂ ಜಲವರ್ಣದಲ್ಲಿ. ನಮ್ಮ ಹುಡುಗಿಯ ಮುಂದೆ ಇನ್ನೊಂದು ಕಥೆಯನ್ನೂ ಹೇಳಿದೆವು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯು ಗ್ರಂಥಲಿಪಿಯಲ್ಲಿತ್ತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟದ್ದು. "ಅಂದರೆ ನಮ್ಮ ಕಡೆಯಿಂದ ಬಂದದ್ದಾ?" ಎಂದಳು. ತಂಜಾವೂರು ನಮ್ಮಿಂದ ಬಹುದೂರ, ಆದರೂ ಹೌದೆಂದೆವು.

ಎರಡನೆಯ ದಿನದ ಬೆಳಗ್ಗೆ ತಾಯಿಯವರನ್ನು ರಸ್ತೆಯ ಪಕ್ಕದ ಒಂದು ಕಟ್ಟೆಯ ಮೇಲೆ ಕೂರಿಸಿದ್ದೆವು. ಆನೆಗಳು ಬಂದವು. ಅಭಿಮನ್ಯು ನಮ್ಮಿಂದ ನಾಲ್ಕು ಮಾರಿನಷ್ಟು ದೂರದಲ್ಲಿ ಹಾದುಹೋದನು. ತಾಯಿಯವರು ಎದ್ದು ನಿಂತು ಕೈಮುಗಿದರು. ಹುಡುಗಿ ಮೊದಲು ಅವರ ಸೆರಗಿನ ಹಿಂದೆ ಸೇರಿಕೊಂಡವಳು, ಆನೆಯ ಹೆಸರನ್ನು ಮಾವುತರು ಕೂಗುವುದನ್ನು ಕೇಳಿ ಮೆಲ್ಲನೆ ಮುಂದೆ ಬಂದಳು.

ಊರಿಗೆ ಬಂದ ರಾತ್ರಿ ತಮ್ಮನು ಅಟ್ಟಣೆಗೆ ಹೊರಟು ನಿಂತಿದ್ದ. ಹುಡುಗಿ ಅವನಿಗೆ ಟಾರ್ಚು ಕೊಡುತ್ತ, "ಅಪ್ಪ, ನಮ್ಮ ಹೊಲಕ್ಕ ಬರೋ ಆನಗ ಹೆಸರೇನು?" ಎಂದು ಕೇಳಿದಳು. ಅವನಿಗೆ ಉತ್ತರ ತೋಚಲಿಲ್ಲ. ಮುಂದಿನ ಸಲ ದಸರೆಗೆ ಅವನು ಹೋಗುವುದೆಂದೂ ಕಾವಲಿಗೆ ನಾವು ಉಳಿಯುವುದೆಂದೂ ಮನೆಯಲ್ಲಿ ಮಾತಾಗಿದೆ.