‘ಒಡೆ’ ಮತ್ತು ‘ಬ್ರೇಕ್’: ಪದಾರ್ಥವೂ ಉದಾಹರಣಾ ವಾಕ್ಯವೂ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂತಹ ಊರಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಪದ–ಅರ್ಥಗಳ ಪಟ್ಟಿಯು ಇಂಗ್ಲಿಷ್ ಪದಸಂಪತ್ತಿನ ಪರಿಚಿತ ದಾರಿ. ಒಂದು ಪದಕ್ಕೆ ಒಂದೇ ಸಮಾನಪದವಿದೆಯೆಂಬುದು ಈ ಪಟ್ಟಿಯ ಪೂರ್ವಗ್ರಹಿಕೆ. ‘ಬ್ರೇಕ್ ಎಂದರೆ ಒಡೆ’ ಎಂಬುದನ್ನು ಪರಿಶೀಲಿಸೋಣ. ಮಡಕೆ ಒಡೆದರೆ ‘ಬ್ರೇಕ್’ ಸರಿ. ಹಾಲು ಒಡೆದರೆ ‘ಕರ್ಡಲ್’, ಹಿಮ್ಮಡಿ ಒಡೆದರೆ ‘ಕ್ರ್ಯಾಕ್’. ಇಂಗ್ಲಿಷಿನ ಕಡೆಯಿಂದ ನೋಡಿದರೆ, ಮಡಕೆ, ಕೋಲು, ದಾರ ಮೂರಕ್ಕೂ ‘ಬ್ರೇಕ್’ ಸಲ್ಲುತ್ತದೆ; ಕನ್ನಡದಲ್ಲಿ ಮಡಕೆ ಒಡೆಯುತ್ತದೆ, ಕೋಲು ಮುರಿಯುತ್ತದೆ, ದಾರ ಹರಿಯುತ್ತದೆ. ಕ್ರಿಯಾಪದದ ಆಯ್ಕೆಯನ್ನು ಇಲ್ಲಿ ನಿರ್ಧರಿಸುವುದು ಅದರೊಡನೆ ಬರುವ ನಾಮಪದ. ಈ ಸಹಪ್ರಯೋಗವನ್ನು ಪಟ್ಟಿ ತೋರಿಸಲಾರದು, ವಾಕ್ಯ ತೋರಿಸಬಲ್ಲದು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅರ್ಥಗಳ ಜೊತೆಗೆ ಗಾದೆಗಳನ್ನೂ ಪ್ರಯೋಗಗಳನ್ನೂ ನೀಡಿರುವುದು ಈ ದೃಷ್ಟಿಯಿಂದ ಗಮನಾರ್ಹ.

ಆದ್ದರಿಂದ ‘ದ ಮಿಲ್ಕ್ ಬ್ರೋಕ್’ ಎಂದು ಬರೆಯುವ ವಿದ್ಯಾರ್ಥಿಯನ್ನು ಅಸಮರ್ಥನೆಂದು ನಾವು ಎಣಿಸಲಾಗದು. ತನಗೆ ಕಲಿಸಿದ ಸಮೀಕರಣವನ್ನು ಆತ ನಿಷ್ಠೆಯಿಂದ ಅನ್ವಯಿಸಿದ್ದಾನೆ, ಕೊರತೆಯಿರುವುದು ಸಮೀಕರಣದಲ್ಲಿ. ಪ್ರತಿ ಹೊಸ ಪದಕ್ಕೂ ಬೇರೆ ಬೇರೆ ನಾಮಪದಗಳಿರುವ ಕನಿಷ್ಠ ಎರಡು ವಾಕ್ಯಗಳನ್ನೂ, ಆ ಪದ ಸಲ್ಲದ ಒಂದು ಸಂದರ್ಭವನ್ನೂ ನೀಡಬೇಕೆಂದು ನಾವು ಸೂಚಿಸುತ್ತೇವೆ.