ಎಲೆಕ್ಟ್ರಾನ್ ಅಲೆಯ ಲೆಕ್ಕ ಕಲಿಯುವ ದಾರಿ

ಮರವಂತೆಯ ಕಡಲಲ್ಲಿ ನೀರಡಿಯ ಮರಳುದಿಬ್ಬದ ಮೇಲೆ ಹಾದ ಅಲೆ, ಪಕ್ಕದ ಆಳದಲ್ಲಿ ಬಂದ ಅಲೆಗಿಂತ ತುಸು ತಡವಾಗಿ ದಡ ಮುಟ್ಟುತ್ತದೆ. ಆ ತಡದ ಲೆಕ್ಕ ಹಿಡಿದರೆ ಕಾಣದ ದಿಬ್ಬದ ಆಕಾರ ತಿಳಿದೀತು. ಎಲೆಕ್ಟ್ರಾನ್ ಹೊಲೊಗ್ರಫಿಯ ಕೆಲಸವೂ ಇದೇ. ಸಾಮಾನ್ಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ವಸ್ತುವಿನಲ್ಲಿ ಹಾದ ಎಲೆಕ್ಟ್ರಾನ್ ಅಲೆಯ ತೀವ್ರತೆಯನ್ನಷ್ಟೇ ದಾಖಲಿಸುತ್ತದೆ. ಅಲೆಯ ಹಿಂದು-ಮುಂದು, ಅಂದರೆ ಫೇಸ್, ಕಳೆದುಹೋಗುತ್ತದೆ. ವಸ್ತುವಿನೊಳಗಿನ ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ಸುಳಿವು ಇರುವುದು ಅದರಲ್ಲೇ.

ಡೆನಿಸ್ ಗಾಬೋರ್ 1948ರಲ್ಲಿ ಹೊಲೊಗ್ರಫಿಯನ್ನು ಮಂಡಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಸುಧಾರಿಸಲೆಂದೇ. ಜಪಾನಿನ ಹಿಟಾಚಿಯಲ್ಲಿ ಅಕಿರಾ ಟೊನೊಮುರಾ ತಂಡ 1986ರಲ್ಲಿ, ಕಾಂತಕ್ಷೇತ್ರವನ್ನು ಮುಟ್ಟದೆ ಸುತ್ತಿ ಹೋದ ಎಲೆಕ್ಟ್ರಾನಿನ ಫೇಸೂ ಬದಲಾಗುತ್ತದೆಂದು ಇದರಿಂದಲೇ ತೋರಿಸಿತು. ಬೆಳಕಿನಲ್ಲಿ ಇದಕ್ಕೆ ನೆಂಟಸ್ತಿಕೆಯಿರುವ ಫೇಸನ್ನು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ 1956ರಲ್ಲೇ ಗುರುತಿಸಿದ್ದರು. ಆಗ ಅವರಿಗೆ 22 ವರ್ಷ.

ಇಂದು ಎಲೆಕ್ಟ್ರಾನ್ ಹೊಲೊಗ್ರಫಿಗೆ ನಮ್ಮ ರಾಜ್ಯದಲ್ಲಿ ಒಂದು ವಿಳಾಸ ಬೆಂಗಳೂರಿನ ಜಕ್ಕೂರು. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಟೈಟನ್ ಸೂಕ್ಷ್ಮದರ್ಶಕದಲ್ಲಿ ಹೊಲೊಗ್ರಫಿ ನಡೆಸಿ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ.

ತರಬೇತಿ ಶುರುವಾಗುವುದು ಮಾದರಿಯಿಂದ, ಅಂದರೆ ಪರೀಕ್ಷಿಸುವ ವಸ್ತುವಿನ ಚೂರಿನಿಂದ. ಅದನ್ನು ಸುಮಾರು 100 ನ್ಯಾನೊಮೀಟರಿಗಿಂತ ತೆಳುವಾಗಿ ಸವೆಸಬೇಕು. ಅಂಚಿನ ಪಕ್ಕ ಖಾಲಿ ಜಾಗ ಉಳಿಯಬೇಕು. ಮಾದರಿಯಲ್ಲಿ ಹಾದ ಅಲೆ, ಖಾಲಿಯಲ್ಲಿ ಹಾದ ಅಲೆ ಎರಡನ್ನೂ ಬೈಪ್ರಿಸಂ ಎಂಬ ಅತಿ ತೆಳು ತಂತಿಗೆ ವೋಲ್ಟೇಜ್ ಕೊಟ್ಟು ಒಂದರ ಮೇಲೊಂದು ಬೀಳಿಸುತ್ತಾರೆ. ಮೂಡುವ ಪಟ್ಟೆಗಳೇ ಹೊಲೊಗ್ರಾಂ. ಕೋಣೆಯ ಸಣ್ಣ ಕಂಪನಕ್ಕೂ ಅವು ಮಸುಕಾಗುತ್ತವೆ. ಕಾಂತೀಯ ವಸ್ತುವಾದರೆ ಸೂಕ್ಷ್ಮದರ್ಶಕದ ಮುಖ್ಯ ಮಸೂರವನ್ನೇ ಆಫ್ ಮಾಡಬೇಕು, ಇಲ್ಲದಿದ್ದರೆ ಅದರ ಕಾಂತಬಲ ಮಾದರಿಯ ಸ್ವಭಾವವನ್ನು ಅಳಿಸಿಬಿಡುತ್ತದೆ. ಮಾದರಿಯನ್ನು ಮಗುಚಿ ಮತ್ತೊಮ್ಮೆ ದಾಖಲಿಸಿ ಒಂದರಿಂದೊಂದನ್ನು ಕಳೆದರೆ ಕಾಂತಕ್ಷೇತ್ರದ ಪಾಲು ಬೇರೆಯಾಗುತ್ತದೆ.

ಮಿಕ್ಕಿದ್ದು ಗಣಿತ. ಫೂರಿಯೆ ರೂಪಾಂತರದಿಂದ ಫೇಸನ್ನು ಹೊರತೆಗೆಯಬೇಕು, 360 ಡಿಗ್ರಿಗೊಮ್ಮೆ ಅದು ಸೊನ್ನೆಗೆ ಜಿಗಿಯುವುದನ್ನು ಸರಿಪಡಿಸಬೇಕು. ದಪ್ಪ ಹೆಚ್ಚುಕಮ್ಮಿಯಾದರೂ ಫೇಸ್ ಬದಲಾಗುತ್ತದೆ. ಅದನ್ನು ಕ್ಷೇತ್ರವೆಂದು ಭ್ರಮಿಸದಿರುವುದೇ ಹೊಸಬರು ಕಲಿಯಬೇಕಾದ ಎಚ್ಚರ.

ಈ ಗಣಿತಕ್ಕೆ ಜಕ್ಕೂರಿನವರೆಗೆ ಹೋಗಬೇಕಿಲ್ಲ. ಹೈಪರ್‌ಸ್ಪೈ ಬಳಗದ ಉಚಿತ ತಂತ್ರಾಂಶವಿದ್ದರೆ ಕುಂದಾಪುರ, ಬ್ರಹ್ಮಾವರದ ಮನೆಯಲ್ಲೂ ಲ್ಯಾಪ್‌ಟಾಪಿನಲ್ಲಿ ಅಭ್ಯಾಸ ಮಾಡಬಹುದು. ಯಂತ್ರದ ಬಳಿ ಹೋಗಲು ವಿದ್ಯಾರ್ಥಿ, ಅಧ್ಯಾಪಕರಿಬ್ಬರಿಗೂ ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇದೆ. 2020ರಲ್ಲಿ ಆರಂಭವಾದ ಐ-ಸ್ಟೆಮ್ ತಾಣದಲ್ಲಿ ಯಾವ ಉಪಕರಣ ಎಲ್ಲಿದೆಯೆಂದು ಹುಡುಕಬಹುದು. ಲೆಕ್ಕ ಕಲಿತೇ ಬೈಂದೂರಿನಿಂದ ಬೆಂಗಳೂರಿಗೆ ಪಂಚಗಂಗಾ ರೈಲು ಹತ್ತಿದವರಿಗೆ, ಯಂತ್ರದ ಮುಂದೆ ಸಿಕ್ಕ ಒಂದೊಂದು ಗಂಟೆಯೂ ದಕ್ಕುತ್ತದೆ.