ಸೀಸೆಯ ಸುಗಂಧವೂ ಮನುಷ್ಯನ ಗುಣವೂ

ಪುರುಷರ ಸುಗಂಧದ್ರವ್ಯಗಳ ಜಾಹೀರಾತುಗಳಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ: ಬೆಚ್ಚನೆಯ ಪರಿಮಳ, ಮಸಾಲೆಯ ಘಾಟು, ಮರದ ಕಂಪು. ಇವುಗಳ ಬೆನ್ನಿಗೇ ನಾಲ್ಕನೆಯ ಮಾತೊಂದು ಬರುತ್ತದೆ. ಇದನ್ನು ಪೂಸಿಕೊಂಡವನು ಧೀರ, ಗಂಭೀರ, ನಾಲ್ವರ ನಡುವೆ ಎದ್ದು ಕಾಣುವವನು ಎಂಬುದೇ ಆ ಮಾತು. ಮೊದಲಿನ ಮೂರು ವಸ್ತುವಿನ ಗುಣವನ್ನು ಹೇಳಿದರೆ, ಕೊನೆಯದು ಮನುಷ್ಯನ ಗುಣವನ್ನು ಹೇಳುತ್ತದೆ. ಹತ್ತನೆಯ ತರಗತಿಯ ಹುಡುಗನು ಮಿರಜದ ಪೇಟೆಯಲ್ಲಿ ಅಂಥ ಸೀಸೆಗಾಗಿ ಹಟ ಹಿಡಿದಾಗ ಅವನ ಮನಸ್ಸನ್ನು ಸೆಳೆದಿರುವುದು ಬಹುಮಟ್ಟಿಗೆ ಈ ನಾಲ್ಕನೆಯ ಮಾತೇ. ಆದುದರಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ತಂದೆತಾಯಿಗಳಿಗೆ ಅಗತ್ಯವಾಗಿದೆ.

ಪರಿಚಿತ ಪರಿಮಳ

ವಸ್ತುವಿನ ಮಟ್ಟಿಗೆ ಹೇಳುವುದಾದರೆ, ಮಾಲಗಾಂವದ ಮನೆಗಳಿಗೆ ಈ ಪರಿಮಳವು ಹೊಸದೇನೂ ಅಲ್ಲ. ಮಾಲಗಾಂವ, ಆರಗ, ಬೇಡಗ ಊರುಗಳು ಎಲೆಬಳ್ಳಿಯ ತೋಟಗಳಿಗೆ ಹೆಸರಾದವು. ಆ ಎಲೆಯ ಮಡಿಕೆಯೊಳಗೆ ಸೇರುವ ಲವಂಗ, ಯಾಲಕ್ಕಿಗಳೇ ಸೀಸೆಯೊಳಗಿನ 'ಮಸಾಲೆ'ಯ ಮೂಲ. 2018ರಲ್ಲಿ ಭೌಗೋಲಿಕ ಸೂಚಕದ ಮನ್ನಣೆ ಪಡೆದ ಸಾಂಗಲಿಯ ಅರಿಷಿಣದ ಮೂಟೆಗಳ ಬಳಿ ನಿಂತವರಿಗೆ ಬೆಚ್ಚನೆಯ, ಒಣಮಣ್ಣಿನಂಥ ವಾಸನೆಯೆಂದರೇನೆಂದು ವಿವರಿಸಬೇಕಾಗಿಲ್ಲ. ಇನ್ನು ಮರದ ಕಂಪು, ದೇವರ ಮನೆಯ ಸಾಣೆಕಲ್ಲಿನ ಮೇಲೆ ತೇಯುವ ಗಂಧದ ಕೊರಡಿನದು. ದರ್ಗಾಗಳ ಉರುಸಿನಲ್ಲಿ ಹೊರಡುವ ಗಂಧದ ಮೆರವಣಿಗೆಯದೂ ಅದೇ.

ಲವಂಗದ ಘಾಟಿಗೆ ಯೂಜಿನಾಲ್, ದಾಲ್ಚಿನ್ನಿಯದಕ್ಕೆ ಸಿನ್ನಮಾಲ್ಡಿಹೈಡ್, ಶ್ರೀಗಂಧದ ಕಂಪಿಗೆ ಸ್ಯಾಂಟಲಾಲ್ ಎಂಬ ರಾಸಾಯನಿಕಗಳು ಕಾರಣ. ಸೀಸೆಯಲ್ಲಿ ಇಂಥವುಗಳನ್ನು ಮದ್ಯಸಾರದಲ್ಲಿ ಕರಗಿಸಿರುತ್ತಾರೆ. ಮೈಗೆ ತಾಗಿದೊಡನೆ ಹಗುರವಾದ ಕಣಗಳು ಮೊದಲು ಹಾರಿಹೋಗುತ್ತವೆ. ನಿಂಬೆ, ಕಿತ್ತಳೆಗಳ ವಾಸನೆ ಕೆಲವೇ ನಿಮಿಷಗಳದು. ಆಮೇಲೆ ಮಸಾಲೆಯ ಸರದಿ. ಶ್ರೀಗಂಧದಂಥ ಭಾರವಾದ ಕಣಗಳು ನಿಧಾನವಾಗಿ ಆವಿಯಾಗುವುದರಿಂದ ಸಂಜೆಯವರೆಗೂ ಉಳಿಯಬಲ್ಲವು. ಅಂಗಡಿಯಲ್ಲಿ ಮೊದಲು ಮೂಗಿಗೆ ಬಡಿಯುವ ವಾಸನೆಯನ್ನೇ ನಂಬಿ ಕೊಂಡವರು ಮನೆಗೆ ಬಂದ ಮೇಲೆ ಬೇರೆಯದನ್ನೇ ಮೂಸುವುದು ಇದರಿಂದಲೇ.

ಮೈಸೂರಿನ ಗಂಧ

ಕನ್ನಡ ನಾಡಿನಲ್ಲಿ ಸುಗಂಧವು ಶಾಸ್ತ್ರದ ವಿಷಯವೂ ಆಗಿತ್ತು. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ಕೃಷಿ, ಅಡುಗೆ, ವೈದ್ಯಗಳ ಜೊತೆಗೆ ಪರಿಮಳದ್ರವ್ಯಗಳ ತಯಾರಿಕೆಯೂ ಸೇರಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ವು ಅರಸನ ಲೇಪನ, ಧೂಪಗಳನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಮಿರಜದ ಸೀಮೆಯೂ ಅಂದು ಚಾಲುಕ್ಯರ ಅಧೀನದಲ್ಲಿತ್ತು.

ಆಧುನಿಕ ಕಾಲದ ಕಥೆ ಮೈಸೂರು ಸಂಸ್ಥಾನದ್ದು. ಅಲ್ಲಿಯ ಶ್ರೀಗಂಧದ ಮರ ಹಡಗೇರಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರ ನೆರವಿನಿಂದ 1916ರಲ್ಲಿ ಗಂಧದ ಎಣ್ಣೆಯನ್ನು ನಾಡಿನಲ್ಲಿಯೇ ಬಟ್ಟಿ ಇಳಿಸುವ ಕೆಲಸ ಆರಂಭವಾಯಿತು. ಮೈಸೂರ್ ಸ್ಯಾಂಡಲ್ ಸಾಬೂನು ಹುಟ್ಟಿದ್ದು ಆ ಎಣ್ಣೆಯಿಂದ.

ಶ್ರೀಗಂಧದ ಸ್ವಭಾವವನ್ನು ಇಲ್ಲಿ ಗಮನಿಸಬೇಕು. ಎಳೆಯ ಸಸಿಯ ಕಾಂಡದಲ್ಲಿ ಕಂಪಿಲ್ಲ. ಹತ್ತಾರು ವರ್ಷ ಬೆಳೆದು ತಿರುಳು ಬಲಿತ ಮೇಲೆಯೇ ಎಣ್ಣೆ ಕೂಡುತ್ತದೆ. ಅದು ಒಂಟಿಯಾಗಿ ಬಾಳುವ ಮರವೂ ಅಲ್ಲ. ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಜೋಡಿಸಿಕೊಂಡು ಆಹಾರ ಪಡೆಯುತ್ತದೆ. ಪರರಿಗಾಗಿ ದುಡಿದು ಸವೆದವರನ್ನು ಕುರಿತು 'ಗಂಧದ ಕೊರಡಿನಂತೆ ಜೀವ ತೇದರು' ಎಂದು ಕನ್ನಡಿಗರು ಹೇಳುವುದುಂಟು. ಜಾಹೀರಾತು ಇದೇ ಮರದ ಕಂಪಿಗೆ 'ಎಲ್ಲರಿಗಿಂತ ಮೇಲಾದವನು' ಎಂಬ ಅರ್ಥವನ್ನು ಹಚ್ಚುತ್ತದೆ.

ಗಂಡಸುತನದ ಬೆಲೆಪಟ್ಟಿ

ಪರಿಮಳಕ್ಕೆ ಗಂಡು-ಹೆಣ್ಣೆಂಬ ಭೇದವನ್ನು ಕಲ್ಪಿಸಿದ್ದು ಬಹುಮಟ್ಟಿಗೆ ಮಾರುಕಟ್ಟೆಯೇ. ಇಂದು ಗಂಡಸರ ಕ್ಷೌರದ ಪೆಟ್ಟಿಗೆಯೊಂದಿಗೆ ನೆನಪಾಗುವ ಓಲ್ಡ್ ಸ್ಪೈಸ್ ಎಂಬ ಹೆಸರು ಅಮೆರಿಕದಲ್ಲಿ 1937ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಹೆಂಗಸರ ಸುಗಂಧವಾಗಿ. ಪುರುಷರಿಗೆಂದು ಅದು ಬಂದದ್ದು ಮರುವರ್ಷ.

ಈ ಭೇದವು ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ 2022ರ ಜೂನ್ ತಿಂಗಳಿನ ಪ್ರಕರಣವೊಂದು ಸಾಕ್ಷಿ. ಪುರುಷರ ಬಾಡಿ ಸ್ಪ್ರೇ ಒಂದರ ಜಾಹೀರಾತು ಹೆಣ್ಣಿನ ಮೇಲಿನ ಸಾಮೂಹಿಕ ದೌರ್ಜನ್ಯವನ್ನು ವಿನೋದವೆಂಬಂತೆ ಸೂಚಿಸುತ್ತದೆಂದು ದೇಶದಾದ್ಯಂತ ಆಕ್ಷೇಪವೆದ್ದಿತು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಅದನ್ನು ತೆಗೆದುಹಾಕುವಂತೆ ಟ್ವಿಟರ್, ಯೂಟ್ಯೂಬ್‌ಗಳಿಗೆ ಸೂಚಿಸಿತು. ಅದೇ ತಿಂಗಳು ದಾರಿತಪ್ಪಿಸುವ ಜಾಹೀರಾತುಗಳನ್ನು ತಡೆಯುವ ಮಾರ್ಗಸೂಚಿಗಳೂ ಜಾರಿಗೆ ಬಂದವು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆದರೆ ಕಾನೂನಿಗೂ ಒಂದು ಎಲ್ಲೆಯಿದೆ. ಗಂಧದೆಣ್ಣೆಯೇ ಇಲ್ಲದ ಸೀಸೆಯನ್ನು ಅಪ್ಪಟ ಗಂಧವೆಂದು ಮಾರಿದರೆ ಅದನ್ನು ಪರೀಕ್ಷಿಸಿ ಸುಳ್ಳೆಂದು ಸಾಧಿಸಬಹುದು. 'ಇದು ಗಂಭೀರ ಪುರುಷನ ಪರಿಮಳ' ಎಂಬ ಮಾತನ್ನು ಅಳೆಯುವ ತಕ್ಕಡಿ ಯಾವ ನ್ಯಾಯಾಲಯದಲ್ಲಿಯೂ ಇಲ್ಲ. ಅದನ್ನು ಮನೆಯಲ್ಲಿಯೇ ತೂಗಬೇಕು.

ಪಾಲಕರು ಮಾಡಬಹುದಾದದ್ದು

ಬೆಳೆಯುವ ಹುಡುಗನಿಗೆ ಬೆವರಿನ ವಾಸನೆಯ ಸಂಕೋಚ ಸಹಜ. ಅದನ್ನು ಹಾಸ್ಯ ಮಾಡಬಾರದು. ದಿನದ ಸ್ನಾನ, ಒಗೆದ ಬಟ್ಟೆಗಳು ಅದಕ್ಕೆ ಮೊದಲ ಮದ್ದು. ಸುಗಂಧವನ್ನು ಕೊಳ್ಳುವುದೇ ಆದರೆ ಲೇಬಲ್ಲನ್ನು ಓದುವುದನ್ನು ಅವನಿಗೆ ಕಲಿಸಬೇಕು: ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಘಟಕಗಳ ಪಟ್ಟಿ. ಇವು ಇಲ್ಲದ ಸೀಸೆಯನ್ನು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಬಾರದು. ಯೂಜಿನಾಲ್, ಸಿನ್ನಮಾಲ್ಡಿಹೈಡ್‌ಗಳು ಕೆಲವರ ಚರ್ಮಕ್ಕೆ ತುರಿ, ಉರಿ ತರುತ್ತವೆ. ಆದುದರಿಂದ ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡುವುದು ಲೇಸು. ಸ್ಪ್ರೇ ಡಬ್ಬಿಯ ಅನಿಲ ಹೊತ್ತಿಕೊಳ್ಳುವಂಥದು; ಒಲೆಯ ಬಳಿಯಲ್ಲಾಗಲಿ ಸುಡುಬಿಸಿಲಿನಲ್ಲಾಗಲಿ ಇಡಕೂಡದು. ತರಗತಿಯಲ್ಲಿ ಉಬ್ಬಸವುಳ್ಳ ಸಹಪಾಠಿಯಿದ್ದರೆ ಅಲ್ಲಿ ಸಿಂಪಡಿಸಿಕೊಳ್ಳುವುದು ಅವನಿಗೆ ಅಪಾಯಕರ.

ಒಂದು ಭಾನುವಾರ ಮಗನ ಸೀಸೆಯನ್ನೂ ಮನೆಯ ಗಂಧದ ಕೊರಡನ್ನೂ ಅಕ್ಕಪಕ್ಕದಲ್ಲಿಟ್ಟು ಮೂಸಿ ನೋಡಿ, ಯಾವುದರಲ್ಲಿ ಏನಿದೆಯೆಂದು ಅವನನ್ನೇ ಕೇಳಬಹುದು. ಊರಿನಲ್ಲಿ ಗೌರವ ಗಳಿಸಿದ ಹಿರಿಯರಲ್ಲಿ ಯಾರು ಏನನ್ನು ಪೂಸಿಕೊಳ್ಳುತ್ತಿದ್ದರೆಂದೂ ಕೇಳಬಹುದು. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವಾಗ ಅವರ ನಡೆನುಡಿಗಳೇ ಅವನಿಗೆ ಮೊದಲು ನೆನಪಾಗುತ್ತವೆ.